ಪೂರ್ಣವಾಗದ ಪತ್ರ

ಮನೆಯ ಹಳೆಯ ಪೆಟ್ಟಿಗೆಯನ್ನು ತೆರೆದಾಗ ಹಿರಿಯರ ಕಾಗದಪತ್ರಗಳು ಕೈಗೆ ಸಿಗುವುದುಂಟು. ಅವುಗಳ ನಡುವೆ ಅರ್ಧಕ್ಕೇ ನಿಂತ, ಅಂಚೆಗೆ ಹಾಕದೆ ಉಳಿದ ಪತ್ರವೊಂದಿದ್ದರೆ ಮನಸ್ಸು ಅಲ್ಲಿಯೇ ನಿಂತುಬಿಡುತ್ತದೆ. ಖಗೋಳಶಾಸ್ತ್ರದ ಇತಿಹಾಸದಲ್ಲಿಯೂ ಅಂತಹದೊಂದು ಪತ್ರವಿದೆ. ಅದರ ಕಥೆಯನ್ನು ಈ ತಿಂಗಳು ಓದುಗ ಬಂಧುಗಳ ಮುಂದಿಡಬಯಸುತ್ತೇವೆ.

1781ರಲ್ಲಿ ವಿಲಿಯಂ ಹರ್ಷೆಲ್ ಕಂಡುಹಿಡಿದ ಯುರೇನಸ್ ಗ್ರಹವು ಗಣಿತಜ್ಞರು ಗುರುತಿಸಿದ ಹಾದಿಯಲ್ಲಿ ನಡೆಯುತ್ತಿರಲಿಲ್ಲ. ಅದರಾಚೆಗೆ ಇನ್ನೊಂದು ಗ್ರಹವಿದ್ದು, ಅದೇ ಇದನ್ನು ಸೆಳೆಯುತ್ತಿರಬೇಕೆಂದು ಇಂಗ್ಲೆಂಡಿನ ತರುಣ ಗಣಿತಜ್ಞ ಜಾನ್ ಕೌಚ್ ಆಡಮ್ಸ್ ಲೆಕ್ಕ ಹಾಕಿದರು. 1845ರ ಅಕ್ಟೋಬರಿನಲ್ಲಿ ಅವರು ಗ್ರೀನಿಚ್‌ಗೆ ಹೋದಾಗ ಅಲ್ಲಿನ ವೀಕ್ಷಣಾಲಯದ ಮುಖ್ಯಸ್ಥ ಜಾರ್ಜ್ ಏರಿಯವರ ಭೇಟಿ ದೊರೆಯಲಿಲ್ಲ. ತಮ್ಮ ಲೆಕ್ಕದ ಸಾರವನ್ನು ಬರೆದಿಟ್ಟು ಮರಳಿದರು.

ಏರಿಯವರು ಅದನ್ನು ಉಪೇಕ್ಷಿಸಲಿಲ್ಲ. ಸೂರ್ಯನಿಂದ ಯುರೇನಸ್ಸಿಗಿರುವ ದೂರದಲ್ಲಿ ಕಂಡುಬಂದ ವ್ಯತ್ಯಾಸಕ್ಕೂ ಈ ಲೆಕ್ಕ ಕಾರಣ ಕೊಡುವುದೇ ಎಂದು ನವೆಂಬರ್ 5ರಂದು ಪತ್ರ ಬರೆದು ಕೇಳಿದರು. ಅವರ ದೃಷ್ಟಿಯಲ್ಲಿ ಅದೇ ನಿರ್ಣಾಯಕವಾದ ಪ್ರಶ್ನೆ. ಆದರೆ ಉತ್ತರ ಬರಲಿಲ್ಲ.

ಆಡಮ್ಸ್ ಸುಮ್ಮನೆ ಕುಳಿತಿದ್ದರೇ? ಇಲ್ಲ. ನವೆಂಬರ್ 13ರಂದು ಅವರು ಏರಿಯವರಿಗೆ ಉತ್ತರ ಬರೆಯತೊಡಗಿದ್ದರು. ತಮ್ಮ ವಿಧಾನವನ್ನು ವಿವರಿಸಲು ಹೊರಟ ಆ ಪತ್ರ ಪೂರ್ಣವಾಗದೆ ಅವರ ಮನೆತನದ ಕಾಗದಗಳಲ್ಲಿಯೇ ಉಳಿಯಿತು. ಈ ಸಂಗತಿ ವಿದ್ವಾಂಸರ ಶೋಧದಿಂದ 2004ರಲ್ಲಿ ಬೆಳಕಿಗೆ ಬಂದಿತು.

ಅತ್ತ ಪ್ಯಾರಿಸ್ಸಿನಲ್ಲಿ ಲವೆರಿಯೇ ಎಂಬುವರು ಸ್ವತಂತ್ರವಾಗಿ ಇದೇ ಲೆಕ್ಕ ಮಾಡಿದ್ದರು. ಬರ್ಲಿನ್ ವೀಕ್ಷಣಾಲಯದ ಯೋಹಾನ್ ಗಾಲೆ 1845ರಲ್ಲಿ ತಮ್ಮ ಪ್ರಬಂಧವೊಂದನ್ನು ಇವರಿಗೆ ಕಳುಹಿಸಿದ್ದರು. ಇವರೂ ಒಂದು ವರುಷ ಉತ್ತರಿಸಿರಲಿಲ್ಲ. ಕೊನೆಗೆ 1846ರ ಸೆಪ್ಟೆಂಬರ್ 18ರಂದು ಬರೆದ ಪತ್ರದಲ್ಲಿ ಪ್ರಬಂಧಕ್ಕೆ ಕೃತಜ್ಞತೆ ತಿಳಿಸಿ, ಆಕಾಶದ ಇಂತಹ ಸ್ಥಾನದಲ್ಲಿ ಹೊಸ ಗ್ರಹವನ್ನು ಹುಡುಕಬೇಕೆಂದು ಕೋರಿದರು. ಪತ್ರ 23ರಂದು ಬರ್ಲಿನ್ ತಲುಪಿತು. ಗಾಲೆ ನಾಳೆ ನೋಡೋಣವೆನ್ನಲಿಲ್ಲ. ಅಂದಿನ ರಾತ್ರಿಯೇ ವಿದ್ಯಾರ್ಥಿ ಡಾರೆಸ್ಟ್ ನಕ್ಷತ್ರಪಟವನ್ನು ಹಿಡಿದು ಕುಳಿತರು. ಗಾಲೆ ದೂರದರ್ಶಕದಲ್ಲಿ ಕಂಡುದನ್ನು ಒಂದೊಂದಾಗಿ ಹೇಳುತ್ತ ಹೋದರು. ಪಟದಲ್ಲಿಲ್ಲದ ಬಿಂದುವೊಂದು ದೊರೆಯಿತು. ಸೂಚಿಸಿದ ಸ್ಥಾನಕ್ಕೂ ಅದಕ್ಕೂ ಒಂದು ಅಂಶದಷ್ಟೂ ಅಂತರವಿರಲಿಲ್ಲ. ಅದೇ ನೆಪ್ಚೂನ್. 25ರಂದು ಗಾಲೆ ಆ ಶುಭವಾರ್ತೆಯನ್ನು ಪ್ಯಾರಿಸ್ಸಿಗೆ ಬರೆದರು.

ಆಡಮ್ಸ್ ತಮ್ಮ ಪತ್ರವನ್ನು ಮುಗಿಸಿದ್ದರೆ ಗ್ರಹವು ಇಂಗ್ಲೆಂಡಿನಲ್ಲಿಯೇ ಮೊದಲು ಕಾಣುತ್ತಿತ್ತೆಂದು ಖಂಡಿತವಾಗಿ ಹೇಳಲಾಗದು. ಎಲ್ಲವನ್ನೂ ಚೆನ್ನಾಗಿ ಬರೆಯಬೇಕೆಂಬ ಹಂಬಲವೇ ಅವರ ಕೈಯನ್ನು ತಡೆಯಿತೋ ಏನೋ. ಆದರೆ ಬುದ್ಧಿಯಲ್ಲಿ ಇಬ್ಬರೂ ಸಮಾನರು. ಒಬ್ಬರ ಪತ್ರ ತಡವಾಗಿಯಾದರೂ ಹೊರಟಿತು, ಇನ್ನೊಬ್ಬರದು ಹೊರಡಲೇ ಇಲ್ಲ. ತಡವಾದ ಉತ್ತರಕ್ಕೂ ಬೆಲೆಯಿದೆಯೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕೆ?

ಇಂದು ಪತ್ರ ಬರೆಯುವವರು ವಿರಳ. ಕೈಯಲ್ಲಿರುವ ಮೊಬೈಲಿನಲ್ಲಿ ಕ್ಷಣಮಾತ್ರದಲ್ಲಿ ಉತ್ತರಿಸಬಹುದು; ಆದರೂ ಬಿಡುವಾದಾಗ ವಿವರವಾಗಿ ಬರೆಯೋಣವೆಂದು ಮುಂದೂಡಿದ ಉತ್ತರಗಳು ಪ್ರತಿ ಮನೆಯಲ್ಲಿಯೂ ಇವೆ. ನಮ್ಮನ್ನೂ ಹೊರತುಪಡಿಸಲಾರೆವು. ನಮಗೆ ಅಕ್ಷರ ಕಲಿಸಿದ ಗುರುಗಳು ಯೋಗಕ್ಷೇಮ ವಿಚಾರಿಸಿ ಬರೆದ ಪತ್ರ ಮೂರು ತಿಂಗಳಿನಿಂದ ನಮ್ಮ ಮೇಜಿನ ಮೇಲಿದೆ. ಈ ಅಂಕಣವನ್ನು ಇಲ್ಲಿಗೆ ನಿಲ್ಲಿಸಿ, ಮೊದಲು ಅದಕ್ಕೆ ನಾಲ್ಕು ಸಾಲು ಬರೆಯುತ್ತೇವೆ.