‘ಹಾಗೇ ಇರುತ್ತೆ ಸಾರ್’ ಎಂಬುದು ಉತ್ತರವಲ್ಲ

ಹೊಸ ಕಾರಿನ ಸಂಭ್ರಮ ಮುಗಿಯುವ ಮೊದಲೇ ಕೆಲವು ಮನೆಗಳಲ್ಲಿ ಒಂದು ಆತಂಕ ಶುರುವಾಗುತ್ತದೆ. ಬಾನೆಟ್ ಒಳಗಿಂದ ‘ಟಕ್ ಟಕ್’ ಸದ್ದು. ಸರ್ವಿಸ್ ಸೆಂಟರ್‌ಗೆ ಒಯ್ದರೆ, ‘ಈ ಮಾಡೆಲ್ಲೇ ಹಾಗೆ ಸಾರ್, ಓಡ್ತಾ ಓಡ್ತಾ ಸರಿಹೋಗುತ್ತೆ’ ಎನ್ನುತ್ತಾರೆ. ನಮ್ಮ ಚಿಕ್ಕಪ್ಪನಿಗೆ ಮೂರು ಸಲ ಇದೇ ಉತ್ತರ ಸಿಕ್ಕಿತು. ಮೂರೂ ಸಲ ಕೈಗೆ ಒಂದು ತುಂಡು ಕಾಗದವೂ ಬರಲಿಲ್ಲ.

ಎಲ್ಲ ಸದ್ದೂ ದೋಷವಲ್ಲ, ನಿಜ. ರಾತ್ರಿಯಿಡೀ ನಿಂತ ಎಂಜಿನ್ನಿನ ಮೇಲ್ಭಾಗದಿಂದ ಆಯಿಲ್ ಕೆಳಗಿಳಿದಿರುತ್ತದೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಕೆಲವು ಕ್ಷಣ ಕೇಳಿ ನಿಂತುಹೋಗುವ ‘ಟಿಕ್ ಟಿಕ್’ಗೆ ಸಾಮಾನ್ಯವಾಗಿ ಹೆದರಬೇಕಿಲ್ಲ. ಆದರೆ ಆಕ್ಸಿಲರೇಟರ್ ಒತ್ತಿದಾಗ, ಏರು ಹತ್ತುವಾಗ ಜೋರಾಗುವ ಗಡುಸಾದ ಬಡಿತ ಬೇರಿಂಗ್‌ನದ್ದಾಗಿರಬಹುದು. ಅದನ್ನು ಕಡೆಗಣಿಸುವಂತಿಲ್ಲ.

ವ್ಯತ್ಯಾಸ ಪತ್ತೆ ಮಾಡುವುದು ಮಂತ್ರವಿದ್ಯೆಯೇನಲ್ಲ. ಫೋರ್ ಸ್ಟ್ರೋಕ್ ಎಂಜಿನ್ನಿನಲ್ಲಿ ಕ್ರ್ಯಾಂಕ್‌ಶಾಫ್ಟ್ ಎರಡು ಸುತ್ತು ತಿರುಗಿದರೆ ಕ್ಯಾಮ್‌ಶಾಫ್ಟ್ ಒಂದು ಸುತ್ತು ತಿರುಗುತ್ತದೆ. 800 ಆರ್‌ಪಿಎಂನಲ್ಲಿ ನಿಮಿಷಕ್ಕೆ 400 ಬಡಿತವಿದ್ದರೆ ಮೊದಲು ವಾಲ್ವ್‌ಗಳ ಕಡೆ ನೋಡಬೇಕು. 800 ಇದ್ದರೆ ಕ್ರ್ಯಾಂಕ್ ಕಡೆ. ಮೊಬೈಲ್ ರೆಕಾರ್ಡಿಂಗ್ ಇದ್ದರೆ ಎಣಿಸಬಹುದು. ಹಳೇ ಮೆಕ್ಯಾನಿಕ್‌ಗಳು ಉದ್ದನೆಯ ಸ್ಕ್ರೂಡ್ರೈವರ್ ಎಂಜಿನ್ನಿಗೆ ಇಟ್ಟು, ಹಿಡಿಗೆ ಕಿವಿಗೊಟ್ಟು ಜಾಗ ಹುಡುಕುತ್ತಿದ್ದರು. ಕೊರತೆ ಇರುವುದು ವಿದ್ಯೆಯದಲ್ಲ, ವ್ಯವಧಾನದ್ದು.

ಅಷ್ಟರಲ್ಲಿ ವಾರಂಟಿಯ ದಿನಗಳು ಕರಗುತ್ತಿರುತ್ತವೆ. ಬಾಯಿಮಾತಿನ ದೂರಿಗೆ ನಾಳೆ ಸಾಕ್ಷಿ ಇರುವುದಿಲ್ಲ. ಆದ್ದರಿಂದ ಪ್ರತಿ ಸಲವೂ ಜಾಬ್ ಕಾರ್ಡ್ ಮಾಡಿಸಬೇಕು. ಅದರಲ್ಲಿ ‘ಶಬ್ದ’ ಎಂದಷ್ಟೇ ಬರೆಸಿದರೆ ಸಾಲದು. ಯಾವಾಗ, ಯಾವ ಕಡೆಯಿಂದ, ಎಷ್ಟು ಹೊತ್ತು, ಎಷ್ಟು ಕಿಲೋಮೀಟರ್ ಓಡಿದಾಗಿನಿಂದ ಎಂಬುದೆಲ್ಲ ಇರಲಿ. ಬೆಳಗಿನ ಸದ್ದಾದರೆ ಕಾರನ್ನು ರಾತ್ರಿ ಅಲ್ಲೇ ಬಿಡಿ. ಬಿಸಿ ಎಂಜಿನ್ನಿನಲ್ಲಿ ಅದು ಕೇಳಿಸದೇ ಇರಬಹುದು. ‘ಎಲ್ಲ ಕಾರೂ ಹೀಗೇ’ ಎಂದರೆ ಅದೇ ಮಾಡೆಲ್‌ನ ಇನ್ನೊಂದು ಕಾರನ್ನು ಪಕ್ಕದಲ್ಲೇ ಸ್ಟಾರ್ಟ್ ಮಾಡಿ ತೋರಿಸಲು ಕೇಳಿ. ಹೊರಗಿನ ಗ್ಯಾರೇಜಿನಲ್ಲಿ ಎಂಜಿನ್ ಬಿಚ್ಚಿಸಬೇಡಿ, ನಿಗದಿತ ಸರ್ವಿಸ್ ತಪ್ಪಿಸಬೇಡಿ. ವಾರಂಟಿ ನಿರಾಕರಿಸಲು ಅದೇ ನೆಪವಾದೀತು.

ಇಷ್ಟಾದರೂ ಕೇಳದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಎರಡು ವರ್ಷದೊಳಗೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಬಹುದು. ವಕೀಲರನ್ನು ಇಟ್ಟುಕೊಳ್ಳಲೇಬೇಕೆಂದಿಲ್ಲ. ಅಲ್ಲಿ ಕೆಲಸಕ್ಕೆ ಬರುವುದು ನಮ್ಮ ಸಿಟ್ಟಲ್ಲ, ಆ ಜಾಬ್ ಕಾರ್ಡುಗಳು.

ಮನೆಯ ಹಿರಿಯರು ಇಂಥ ಕಡೆ ಸಂಕೋಚದಿಂದ ಸುಮ್ಮನಾಗುತ್ತಾರೆ. ವರ್ಷಗಟ್ಟಲೆ ಕಂತು ಕಟ್ಟುವವರು ಪ್ರಶ್ನೆ ಕೇಳಲು ಹಿಂಜರಿಯಬಾರದು. ಅವರ ಜೊತೆ ಹೋಗಿ ಬರೆಸಿಕೊಂಡು ಬರುವ ಕೆಲಸ ನಮ್ಮಂಥ ವಿದ್ಯಾರ್ಥಿಗಳದ್ದಾಗಲಿ. ಓದು ಮುಗಿಸಿದ ಮೇಲೆ ನಮ್ಮಲ್ಲೇ ಕೆಲವರು ಆ ಮೇಜಿನ ಆಚೆ ಬದಿಗೆ ಕೂರುವವರು. ಅಂದು ಗ್ರಾಹಕ ಬಂದು ಸದ್ದು ಎಂದಾಗ, ಬಾನೆಟ್ ತೆರೆದು ಕೇಳಿಸಿಕೊಂಡ ನಂತರವೇ ಮಾತಾಡೋಣ.