ಪೋಷಕರು ಹೆಬ್ಬೆಟ್ಟಿಗಷ್ಟೇ?

ಸೇವೆಯಲ್ಲಿದ್ದಾಗ ಹಳ್ಳಿಯೊಂದರ ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ನಡಾವಳಿ ಪುಸ್ತಕವನ್ನು ತಪಾಸಣೆ ಮಾಡಿದ್ದೆ. ಸಹಿ, ಹೆಬ್ಬೆಟ್ಟುಗಳೆಲ್ಲ ಕ್ರಮಬದ್ಧವಾಗಿದ್ದವು. ಸದಸ್ಯೆಯೊಬ್ಬರನ್ನು ವಿಚಾರಿಸಿದಾಗ, ‘ಪುಸ್ತಕ ಮನೆಗೇ ಬರುತ್ತೆ ಸ್ವಾಮಿ, ಒತ್ತಿ ಕಳಿಸ್ತೀನಿ’ ಎಂದರು. ‘ಪರಿಶೀಲಿಸಿದೆ’ ಎಂದು ಷರಾ ಬರೆದು ಹೊರಟುಬಂದೆ; ತಪ್ಪಿನಲ್ಲಿ ನನ್ನ ಪಾಲೂ ಇದೆ.

ಕರ್ನಾಟಕದಲ್ಲಿ ಈ ಸಮಿತಿಗಳು 2001ರಲ್ಲೇ ಬಂದವು. ಶಾಲಾ ಸಮಿತಿಗಳಲ್ಲಿ ಶೇ 75ರಷ್ಟು ಪೋಷಕರು, ಶೇ 50ರಷ್ಟು ಮಹಿಳೆಯರು ಇರಬೇಕೆಂದು 2009ರ ಶಿಕ್ಷಣ ಹಕ್ಕು ಕಾಯ್ದೆ ವಿಧಿಸಿತು. ಅನುದಾನ ಬಳಕೆಯ ಮೇಲ್ವಿಚಾರಣೆಯನ್ನೂ ಅವರಿಗೊಪ್ಪಿಸಿತು. ಆದರೆ ಬೆಳಿಗ್ಗೆ ಹನ್ನೊಂದಕ್ಕೆ ಕರೆದ ಸಭೆಯ ಬೆಲೆ ಕೂಲಿಕಾರರಿಗೆ ಒಂದು ದಿನದ ದುಡಿಮೆ. ಅವರ ಗೈರುಹಾಜರಿಯನ್ನು ನಾವು ನಿರಾಸಕ್ತಿಯೆಂದು ಬರೆದುಕೊಂಡೆವು. ಸಭೆಯನ್ನು ಸಂಜೆ ಕರೆಯಲಿ, ಬಿಸಿಯೂಟದ ಲೆಕ್ಕವನ್ನು ಓದಿ ಹೇಳಲಿ, ತಾಯಿಯೆದುರೇ ಮಗುವಿನಿಂದ ಪಾಠ ಓದಿಸಲಿ. ಇದಕ್ಕೆ ಹೊಸ ಸುತ್ತೋಲೆಯ ಅಗತ್ಯವೂ ಇಲ್ಲ.