ಕಲ್ನಾರಿನ ಧೂಳು, ಕಾಯಿದೆಯ ವಾಯಿದೆ

ಪ್ರತಿವರ್ಷವೂ ಭರಣಿ, ಕೃತ್ತಿಕೆಯ ಗಾಳಿಮಳೆ ಹೊಡೆದುಹೋದ ಮರುದಿನ ಜಿಲ್ಲೆಗಳಿಂದ ನಮ್ಮ ಕಚೇರಿಗೆ ಬರುವ ವರ್ತಮಾನಗಳಲ್ಲಿ ಒಂದು ಮಾತು ತಪ್ಪದೆ ಇರುತ್ತದೆ: ಇಷ್ಟು ಮನೆಗಳ ಶೀಟುಗಳು ಹಾರಿಹೋದುವು, ಇಷ್ಟು ಶಾಲೆಗಳ ಮಾಡು ಒಡೆಯಿತು ಎಂದು. ನಷ್ಟದ ಅಂದಾಜನ್ನು ನಾವು ಅಚ್ಚುಮಾಡುತ್ತೇವೆ; ಸರ್ಕಾರದವರೂ ಬರೆದುಕೊಳ್ಳುತ್ತಾರೆ. ಆದರೆ ಒಡೆದ ಚೂರುಗಳನ್ನು ಬರಿಗೈಯಲ್ಲಿ ಆಯ್ದು, ಪುಡಿಯನ್ನು ಪೊರಕೆಯಿಂದ ಗುಡಿಸಿ, ಹೊಸ ಶೀಟಿಗೆ ರಂಧ್ರ ಕೊರೆದು ಮತ್ತೆ ಮಾಡು ಹೊದಿಸುವ ಕೂಲಿಕಾರನು ಆ ದಿನ ಉಸಿರಿನೊಡನೆ ಏನನ್ನು ಒಳಗೆ ಎಳೆದುಕೊಂಡನೆಂಬುದನ್ನು ಮಾತ್ರ ಯಾರೂ ಬರೆದುಕೊಳ್ಳುವುದಿಲ್ಲ. ಆ ಬರೆಯದ ಲೆಕ್ಕವನ್ನು ಕುರಿತೇ ಇಂದು ನಮ್ಮ ವಾಚಕರೊಡನೆ ಎರಡು ಮಾತನಾಡಬೇಕೆಂದಿದ್ದೇವೆ.

ಸಿಮೆಂಟು ಶೀಟು ಎಂದು ಜನರು ಕರೆಯುವ ವಸ್ತುವಿನಲ್ಲಿ ಸಾಮಾನ್ಯವಾಗಿ ಸಿಮೆಂಟಿನೊಡನೆ ಕಲ್ನಾರು, ಎಂದರೆ ಆಸ್ಬೆಸ್ಟಾಸ್, ಬೆರೆತಿರುತ್ತದೆ. ಕಲ್ಲಾಗಿದ್ದೂ ನಾರಿನಂತೆ ಎಳೆಎಳೆಯಾಗಿ ಬಿಡಿಸಿಬರುವ ಈ ಖನಿಜಕ್ಕೆ ನಮ್ಮವರು ಇಟ್ಟ ಹೆಸರು ಅನ್ವರ್ಥವಾಗಿದೆ. ಅದು ಬೆಂಕಿಗೆ ಸುಡದು, ನೀರಿಗೆ ಕೊಳೆಯದು, ಬೆಲೆಯೂ ಅಗ್ಗ. ಆದುದರಿಂದಲೇ ಬಡವನ ಮನೆಯ ಮಾಡಿನಿಂದ ಮೊದಲ್ಗೊಂಡು ಬಾಯ್ಲರಿನ ಹೊದಿಕೆ, ಮೋಟಾರು ಗಾಡಿಗಳ ಬ್ರೇಕು ಪಟ್ಟಿಗಳವರೆಗೆ ಅದು ವ್ಯಾಪಿಸಿತು. ನಮ್ಮ ಮುದ್ರಣಾಲಯದ ಕಾಗದದ ಉಗ್ರಾಣದ ಮೇಲೆ ಇರುವುದೂ ಇದೇ ಶೀಟು. ಇತರರನ್ನು ಎಚ್ಚರಿಸುವವರು ತಮ್ಮ ಮಾಡನ್ನು ಮರೆಮಾಚುವುದು ಸಲ್ಲದು.

ಕೊಳೆಯದಿರುವ ಗುಣವು ಮಾಡಿನ ಮೇಲಿದ್ದರೆ ಲಾಭ; ಮನುಷ್ಯನ ದೇಹದೊಳಗಾದರೆ ಅದೇ ಮೃತ್ಯು. ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾದ ಎಳೆಗಳು ಶ್ವಾಸಕೋಶದ ಆಳಕ್ಕೆ ಇಳಿದು ಅಲ್ಲಿಯೇ ನೆಲೆಸುತ್ತವೆ. ದೇಹವು ಅವುಗಳನ್ನು ಕರಗಿಸಲೂ ಆರದು, ಎಲ್ಲವನ್ನೂ ಹೊರಹಾಕಲೂ ಆರದು. ಅವುಗಳ ಸುತ್ತ ಗಾಯದ ಕಲೆ ಬೆಳೆದು, ಶ್ವಾಸಕೋಶವು ಬಿರುಸಾಗಿ, ನಡೆದರೆ ಏದುಸಿರು ಬರುವ ರೋಗಕ್ಕೆ ಆಸ್ಬೆಸ್ಟೋಸಿಸ್ ಎಂದು ಹೆಸರು. ಇದನ್ನು ಗುಣಪಡಿಸುವ ಔಷಧವಿಲ್ಲ. ಶ್ವಾಸಕೋಶದ ಕ್ಯಾನ್ಸರು, ಶ್ವಾಸಕೋಶದ ಇಲ್ಲವೆ ಹೊಟ್ಟೆಯ ಒಳಪೊರೆಗೆ ಹತ್ತುವ ಮೆಸೊಥೆಲಿಯೋಮ ಎಂಬ ಕ್ರೂರ ಕ್ಯಾನ್ಸರು, ಇವೂ ಈ ಧೂಳಿನ ಸಂತಾನವೇ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಮಂಡಲಿಯು ಬಿಳಿ, ನೀಲಿ, ಕಂದು ಎಂಬ ಭೇದವಿಲ್ಲದೆ ಎಲ್ಲ ಬಗೆಯ ಕಲ್ನಾರನ್ನೂ ಕ್ಯಾನ್ಸರ್‌ಕಾರಕವೆಂದು ನಿರ್ಣಯಿಸಿದೆ. ಕಲ್ನಾರಿನ ಕೆಲಸದವನು ಬೀಡಿ ಸೇದಿದರಂತೂ ಶ್ವಾಸಕೋಶದ ಕ್ಯಾನ್ಸರಿನ ಅಪಾಯವು ಕೂಡುವುದಿಲ್ಲ, ಗುಣಿಸುತ್ತದೆ.

ಇಲ್ಲಿ ಒಂದು ಮಾತನ್ನು ಸ್ಪಷ್ಟಪಡಿಸುವುದು ಅಗತ್ಯ. ಶೀಟಿನ ಮನೆಯಲ್ಲಿ ವಾಸಿಸುವವರೆಲ್ಲರೂ ಇಂದೇ ದಿಗಿಲುಗೊಳ್ಳಬೇಕಾದುದಿಲ್ಲ. ಒಡೆಯದೆ ಸುಸ್ಥಿತಿಯಲ್ಲಿರುವ ಶೀಟಿನಿಂದ ಎಳೆಗಳು ಏಳುವುದು ಅತ್ಯಲ್ಪ. ಕೊಯ್ದಾಗ, ಕೊರೆದಾಗ, ಒಡೆದಾಗ, ಉಜ್ಜಿದಾಗ, ಒಣಪುಡಿಯನ್ನು ಗುಡಿಸಿದಾಗ ಅಪಾಯವು ಏಳುತ್ತದೆ. ಆದುದರಿಂದ ಈ ರೋಗವು ಮುಖ್ಯವಾಗಿ ದುಡಿಯುವವನ ರೋಗ. ಅವನ ಧೂಳು ಹಿಡಿದ ಬಟ್ಟೆಯನ್ನು ಕೊಡವಿ ಒಗೆಯುವ ಹೆಂಡತಿಯನ್ನೂ ಅದು ಬಿಡುವುದಿಲ್ಲ.

ಈ ಜ್ಞಾನವು ನಿನ್ನೆ ಮೊನ್ನೆ ಹುಟ್ಟಿದುದಲ್ಲ. ಇಂಗ್ಲೆಂಡಿನ ರಾಚ್‌ಡೇಲಿನಲ್ಲಿ ಕಲ್ನಾರು ನೂಲುತ್ತಿದ್ದ ನೆಲ್ಲಿ ಕರ್ಷಾ ಎಂಬಾಕೆ 1924ರಲ್ಲಿ ಮೃತಳಾದಾಗಲೇ ವೈದ್ಯರು ಆಕೆಯ ಶ್ವಾಸಕೋಶದಲ್ಲಿ ಈ ಧೂಳನ್ನು ಕಂಡು ಬರೆದಿಟ್ಟರು. 1931ರಲ್ಲಿ ಅಲ್ಲಿಯ ಸರ್ಕಾರವು ಧೂಳು ತಡೆಯುವ ನಿಯಮಗಳನ್ನು ಮಾಡಿತು. 1999ರಲ್ಲಿ ಬ್ರಿಟನ್, 2005ರಲ್ಲಿ ಯೂರೋಪಿನ ಒಕ್ಕೂಟ, 2018ರಲ್ಲಿ ಕೆನಡಾ ಕಲ್ನಾರನ್ನು ನಿಷೇಧಿಸಿದುವು. ಈ ಕೆನಡಾ ದೇಶವು ಹತ್ತಾರು ವರ್ಷ ತನ್ನ ಗಣಿಯ ಕಲ್ನಾರನ್ನು ಹಡಗಿಗೆ ತುಂಬಿ ನಮ್ಮಂತಹ ದೇಶಗಳಿಗೆ ಮಾರುತ್ತಿದ್ದುದನ್ನು ಮರೆಯಲಾಗದು. ನಮ್ಮ ನಡತೆಯೂ ವಿಚಿತ್ರವೇ. 1986ರಲ್ಲಿ ಕಲ್ನಾರಿನ ಗಣಿಗಳಿಗೆ ಹೊಸ ಗುತ್ತಿಗೆ ಕೊಡುವುದನ್ನೂ, 1993ರಲ್ಲಿ ಹಳೆಯವುಗಳ ನವೀಕರಣವನ್ನೂ ನಿಲ್ಲಿಸಿದ ದೇಶವು, ಪರದೇಶದ ಗಣಿಗಳಿಂದ ಅದೇ ವಸ್ತುವನ್ನು ತರಿಸಿ ಶೀಟು ಮಾಡುತ್ತಲೇ ಇದೆ. ನಮ್ಮ ನೆಲದಲ್ಲಿ ಅಗೆಯಲು ವಿಷವಾದುದು ಹಡಗಿನಲ್ಲಿ ಬಂದೊಡನೆ ಅಮೃತವಾಗುವುದೆ?

ಇಷ್ಟಾದ ಮೇಲೆ ರೋಗಕ್ಕೆ ತುತ್ತಾದ ಕಾರ್ಮಿಕನಿಗೆ ಕಾಯಿದೆಯು ಏನು ಕೊಡುತ್ತದೆಂಬುದನ್ನು ನೋಡೋಣ. ಈ ಧೂಳಿನ ರೋಗಗಳನ್ನು ವೃತ್ತಿರೋಗಗಳೆಂದು 1923ರ ಪರಿಹಾರ ಕಾಯಿದೆಯ ಅನುಸೂಚಿಯು ಒಪ್ಪಿಕೊಂಡಿತ್ತು. ಆ ತತ್ತ್ವವು ಈಗ 2020ರ ಸಾಮಾಜಿಕ ಭದ್ರತಾ ಸಂಹಿತೆಯೊಳಕ್ಕೆ ಬಂದಿದೆ. ಕಾರ್ಮಿಕರ ರಾಜ್ಯ ವಿಮೆಗೆ ಒಳಪಟ್ಟವನಿಗೆ ಪರಿಹಾರವು ವಿಮಾ ನಿಗಮದಿಂದ ಬರತಕ್ಕದ್ದು. ವಿಮೆಯಿಲ್ಲದವನು ಮಾಲೀಕನಿಂದ ಪಡೆಯಲು ಪರಿಹಾರಾಧಿಕಾರಿಯ ಮುಂದೆ ಅರ್ಜಿ ಹಾಕತಕ್ಕದ್ದು. ಹೀಗೆ ಹಾಕಿದವನು ಅದೇ ರೋಗಕ್ಕಾಗಿ ಸಿವಿಲ್ ನ್ಯಾಯಾಲಯದಲ್ಲಿ ಬೇರೆ ದಾವೆ ಹೂಡುವಂತಿಲ್ಲ. ಇಲ್ಲಿಯವರೆಗೆ ಕಾಯಿದೆಯು ನ್ಯಾಯವಾಗಿಯೇ ಕಾಣುತ್ತದೆ.

ತೊಡಕಿರುವುದು ವಾಯಿದೆಯಲ್ಲಿ. ಅರ್ಜಿಯನ್ನು ಎರಡು ವರ್ಷಗಳೊಳಗೆ ಹಾಕಬೇಕು. ಕೆಲಸ ಬಿಟ್ಟವನಾದರೆ, ಬಿಟ್ಟ ಎರಡು ವರ್ಷಗಳೊಳಗೆ ರೋಗದ ಲಕ್ಷಣ ತೋರಿದರೆ ಲಕ್ಷಣ ಕಂಡ ದಿನದಿಂದ ಲೆಕ್ಕ ಹಿಡಿಯುವುದಾಗಿ ಕಾಯಿದೆಯು ಹೇಳುತ್ತದೆ. ರೋಗವಾದರೋ ಈ ಪಂಚಾಂಗವನ್ನು ಓದಿಲ್ಲ! ಆಸ್ಬೆಸ್ಟೋಸಿಸ್ ತಲೆದೋರಲು ಸಾಮಾನ್ಯವಾಗಿ ಹತ್ತು ಇಪ್ಪತ್ತು ವರ್ಷಗಳೂ, ಮೆಸೊಥೆಲಿಯೋಮಕ್ಕೆ ಇಪ್ಪತ್ತರಿಂದ ನಲವತ್ತು ವರ್ಷಗಳೂ, ಒಮ್ಮೊಮ್ಮೆ ಅದಕ್ಕಿಂತ ಹೆಚ್ಚೂ ಹಿಡಿಯುತ್ತವೆ. ಮೂವತ್ತರ ಪ್ರಾಯದಲ್ಲಿ ಧೂಳು ಕುಡಿದವನು ಅರುವತ್ತರಲ್ಲಿ ಕೆಮ್ಮುತ್ತಾನೆ. ಆಗ ಕಾರ್ಖಾನೆ ಮುಚ್ಚಿರುತ್ತದೆ, ಗುತ್ತಿಗೆದಾರನು ಊರು ಬಿಟ್ಟಿರುತ್ತಾನೆ, ಹಾಜರಿ ಪುಸ್ತಕವನ್ನು ಗೆದ್ದಲು ತಿಂದಿರುತ್ತದೆ. ತಕ್ಕ ಕಾರಣವಿದ್ದರೆ ತಡವನ್ನು ಮನ್ನಿಸುವ ಅಧಿಕಾರವು ಪರಿಹಾರಾಧಿಕಾರಿಗೆ ಉಂಟೆಂಬುದು ನಿಜ. ಆದರೆ ಮನ್ನಣೆಯನ್ನು ಬೇಡುವುದೇ ಒಂದು, ಹಕ್ಕನ್ನು ಕೇಳುವುದೇ ಒಂದು.

ಇದೇ ಸಂಕಟವು ಇಂಗ್ಲೆಂಡಿಗೂ ಒದಗಿತ್ತು. ಉಕ್ಕಿನ ಕಾರ್ಖಾನೆಯ ಧೂಳಿನಿಂದ ಶ್ವಾಸಕೋಶ ಕೆಟ್ಟ ಕಾರ್ಮಿಕರು ತಂದ ಕಾರ್ಟ್‌ಲೆಜ್ ಮೊಕದ್ದಮೆಯಲ್ಲಿ, ರೋಗವು ಅವರ ಅರಿವಿಗೆ ಬರುವ ಮೊದಲೇ ವಾಯಿದೆ ತೀರಿಹೋಗಿದೆಯೆಂದು ಅಲ್ಲಿಯ ಪ್ರಭುಸಭೆಯು 1963ರಲ್ಲಿ ತೀರ್ಪಿತ್ತಿತು. ಇದು ನ್ಯಾಯಸಮ್ಮತವಲ್ಲವೆಂದು ಕಂಡು, ಅದೇ ವರ್ಷ ಪಾರ್ಲಿಮೆಂಟು ಕಾಯಿದೆಯನ್ನು ತಿದ್ದಿತು. ಈಗ ಅಲ್ಲಿ ಇಂತಹ ರೋಗಿಗೆ ಮೂರು ವರ್ಷಗಳ ಅವಧಿಯು ಅವನಿಗೆ ರೋಗವೂ ಅದರ ಕಾರಣವೂ ತಿಳಿದ ದಿನದಿಂದ ನಡೆಯುತ್ತದೆ. ಇಂಗ್ಲೆಂಡಿನಿಂದ ನಾವು ಎರವಲು ತಂದ ಕಾಯಿದೆಗಳಿಗೆ ಮಿತಿಯಿಲ್ಲ. ಇಂತಹ ಒಂದು ತಿದ್ದುಪಡಿಯನ್ನು ತರಲು ಮಾತ್ರ ನಮಗೆ ಕೈ ಬಾರದೆ ಹೋಯಿತು.

ನಮ್ಮ ಸರ್ವೋಚ್ಚ ನ್ಯಾಯಾಲಯವು ಈ ಕಂದಕವನ್ನು ಬಹು ಹಿಂದೆಯೇ ಕಂಡಿತ್ತು. ಅಹಮದಾಬಾದಿನ ಬಳಕೆದಾರರ ಸಂಸ್ಥೆಯೊಂದರ ಅರ್ಜಿಯ ಮೇಲೆ 1995ನೆಯ ಇಸವಿ ಜನವರಿ 27ನೆಯ ತಾರೀಖು ಕೊಟ್ಟ ತೀರ್ಪಿನಲ್ಲಿ, ಕಾರ್ಮಿಕನ ಆರೋಗ್ಯವು ಸಂವಿಧಾನದ 21ನೆಯ ವಿಧಿಯು ಕೊಟ್ಟ ಜೀವಿಸುವ ಹಕ್ಕಿನ ಅಂಗವೆಂದು ಸಾರಿತು. ಕಲ್ನಾರಿನ ಕೆಲಸದ ಪ್ರತಿಯೊಬ್ಬನ ಆರೋಗ್ಯದ ದಾಖಲೆಯನ್ನು ಕೆಲಸಕ್ಕೆ ಸೇರಿದಂದಿನಿಂದ ಕನಿಷ್ಠ 40 ವರ್ಷ, ಇಲ್ಲವೆ ಕೆಲಸ ಬಿಟ್ಟ ಮೇಲೆ 15 ವರ್ಷ, ಇವುಗಳಲ್ಲಿ ಯಾವುದು ತಡವಾಗಿ ಮುಗಿಯುವುದೋ ಅಲ್ಲಿಯವರೆಗೆ ಕಾಪಾಡಬೇಕೆಂದೂ, ಆ ಮೊಕದ್ದಮೆಗೆ ಸಂಬಂಧಿಸಿದವರಲ್ಲಿ ರೋಗವಿದೆಯೆಂದು ಕಂಡುಬಂದವರಿಗೆ ಒಂದು ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದೂ ಆಜ್ಞಾಪಿಸಿತು. 2011ರಲ್ಲಿ ಕಲ್ನಾರನ್ನು ಪೂರ್ತಿಯಾಗಿ ನಿಷೇಧಿಸಲು ನ್ಯಾಯಾಲಯವು ಒಪ್ಪಲಿಲ್ಲವಾದರೂ, 1995ರ ಆಜ್ಞೆಗಳು ಅಳಿಯಲಿಲ್ಲ. ನ್ಯಾಯಾಲಯವು ನಲವತ್ತು ವರ್ಷಗಳ ದಾಖಲೆಯನ್ನು ಕೇಳುವಾಗ ಕಾಯಿದೆಯು ಎರಡು ವರ್ಷಗಳ ವಾಯಿದೆಯನ್ನೇ ಹಿಡಿದು ಕುಳಿತಿರುವುದು ಯಾವ ನ್ಯಾಯ?

ಸರ್ಕಾರವು ಎಚ್ಚರಗೊಳ್ಳುವವರೆಗೆ ನಮ್ಮ ಕಾರ್ಮಿಕ ಬಂಧುಗಳು ಸುಮ್ಮನಿರಬಾರದು. ಶೀಟಿನ ಕಾರ್ಖಾನೆಯಲ್ಲಾಗಲಿ, ಬ್ರೇಕು ಪಟ್ಟಿಯ ಕೆಲಸದಲ್ಲಾಗಲಿ, ಮಾಡು ಕಟ್ಟುವ ಕಟ್ಟಡ ಕೆಡಹುವ ಕೆಲಸದಲ್ಲಾಗಲಿ ದುಡಿದವರು ಎಲ್ಲಿ, ಯಾವ ವರ್ಷ, ಯಾರ ಕೈಕೆಳಗೆ, ಯಾರ ಜೊತೆಯಲ್ಲಿ ದುಡಿದೆವೆಂಬುದನ್ನು ಇಂದೇ ಬರೆದಿಡಲಿ. ಸಂಬಳದ ಚೀಟಿ, ವಿಮೆಯ ಕಾರ್ಡು, ಭವಿಷ್ಯನಿಧಿಯ ಕಾಗದಗಳನ್ನು ಬಿಸಾಡದಿರಲಿ. ಏದುಸಿರು, ಬಿಡದ ಒಣಕೆಮ್ಮು ಕಂಡರೆ ವೈದ್ಯರಿಗೆ ಮೊದಲು ತಮ್ಮ ಕಸುಬನ್ನು ಹೇಳಲಿ. ಕೆಮ್ಮೆಂದೊಡನೆ ಕ್ಷಯವೆಂದು ಬಗೆಯುವ ಅಭ್ಯಾಸವು ನಮ್ಮಲ್ಲಿ ಬಲವಾಗಿದೆ. ಎದೆಯ ಎಕ್ಸ್‌ರೇ, ಉಸಿರಿನ ಪರೀಕ್ಷೆಗಳ ವರದಿಯಲ್ಲಿ ಕಸುಬನ್ನೂ ನಮೂದಿಸುವಂತೆ ಕೇಳಲಿ. ರೋಗವೆಂದು ತಿಳಿದ ದಿನವೇ ಮಾಲೀಕನಿಗೆ ಬರಹದಲ್ಲಿ ತಿಳಿಸಿ, ಕಾಲ ಕಳೆಯದೆ ಅರ್ಜಿ ಹಾಕಲಿ. ವಕೀಲರಿಗೆ ಕೊಡಲು ಹಣವಿಲ್ಲವೆಂದು ಹಿಂಜರಿಯಬೇಕಾದುದಿಲ್ಲ. 1987ರ ಕಾನೂನು ಸೇವೆಗಳ ಕಾಯಿದೆಯು ಕೈಗಾರಿಕಾ ಕಾರ್ಮಿಕನಿಗೆ ಉಚಿತ ನೆರವನ್ನು ಕೊಟ್ಟಿದೆ, ಅದರ ಸಮಿತಿಯು ತಾಲ್ಲೂಕಿನ ನ್ಯಾಯಾಲಯದಲ್ಲಿಯೇ ದೊರೆಯುತ್ತದೆ. ಶೀಟನ್ನು ಮುಟ್ಟಲೇಬೇಕಾದವರು ನೀರೆರಚಿ ನೆನೆಸಿದ ಮೇಲೆ ಮುಟ್ಟಲಿ, ಒಣಪುಡಿಯನ್ನು ಗುಡಿಸದಿರಲಿ, ಬೀಡಿಯನ್ನು ಬಿಡಲಿ.

ಸರ್ಕಾರದವರನ್ನು ನಾವು ಕೇಳುವುದು ಎರಡೇ. ವಾಯಿದೆಯು ಧೂಳು ಬಿಟ್ಟ ದಿನದಿಂದಲ್ಲದೆ ರೋಗವು ತಿಳಿದ ದಿನದಿಂದ ನಡೆಯುವಂತೆ ಕಾಯಿದೆಯನ್ನು ತಿದ್ದಲಿ. ನಲವತ್ತು ವರ್ಷಗಳ ದಾಖಲೆಯನ್ನು ಮಾಲೀಕನ ಪೆಟ್ಟಿಗೆಯೊಂದರಲ್ಲಿಯೇ ಬಿಡದೆ, ಅದರ ಪ್ರತಿಯೊಂದನ್ನು ಸರ್ಕಾರವೂ ಇನ್ನೊಂದನ್ನು ಕಾರ್ಮಿಕನೂ ಇಟ್ಟುಕೊಳ್ಳುವಂತೆ ವಿಧಿಸಲಿ. ಗುತ್ತಿಗೆಯ ಆಳುಗಳನ್ನೂ ಮಾಡು ಕಟ್ಟುವ ಬಿಡಿಗೂಲಿಗಳನ್ನೂ ಅದರಿಂದ ಹೊರಗಿಡದಿರಲಿ. ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ ಎಂಬ ಗಾದೆ ನಮ್ಮಲ್ಲುಂಟು. ಈ ರೋಗದಲ್ಲಿ ಕೋಟೆಯು ಸೂರೆಹೋಗಿರುವುದು ತಿಳಿಯುವುದೇ ಮೂವತ್ತು ವರ್ಷಗಳ ಮೇಲೆ. ಆ ವೇಳೆಗೆ ಬಾಗಿಲಲ್ಲಿ ನಿಂತು ನ್ಯಾಯ ಬೇಡುವ ಮುದುಕನಿಗೆ, ನೀನು ತಡವಾಗಿ ಬಂದೆ ಎಂದು ಹೇಳುವ ಅಧಿಕಾರವು ಯಾವ ಸರ್ಕಾರಕ್ಕೂ ಇಲ್ಲವೆಂದು ನಮ್ಮ ದೃಢವಾದ ಅಭಿಪ್ರಾಯ.